ಪಿತೃವಾತ್ಸಲ್ಯ ಮೀಮಾಂಸೆ

ಮದುವೆ ಛತ್ರದಲ್ಲಿ ಮಗುವನ್ನು ಎತ್ತಿಕೊಂಡು ಅಡ್ಡಾಡುವ ಗಂಡಸನ್ನು ನೋಡಿ ನಾಲ್ಕು ಜನ ಹೆಂಗಸರು 'ಎಷ್ಟು ಚೆನ್ನಾಗಿ ನೋಡ್ಕೋತಾನೆ ನೋಡ್ರೀ' ಎಂದರೆ ಅಲ್ಲಿ ಪಿತೃವಾತ್ಸಲ್ಯ ಸಿದ್ಧಿಸಿತೆಂದು ತಿಳಿಯಬೇಕು. ಇದು ಲಕ್ಷಣ. ಯಾರೂ ನೋಡದಿದ್ದಾಗ ಎತ್ತಿಕೊಂಡರೆ? ಅದು ಬರೀ ತೋಳುನೋವು. ಅದೇ ಮಗುವನ್ನು ಬೆಳಗಿನಿಂದ ಹೊತ್ತ ತಾಯಿಗೆ ಈ ಲಕ್ಷಣ ಅನ್ವಯಿಸದು. ಅವಳ ಪಾಲಿಗೆ ಬರುವುದು 'ಮಗೂಗೆ ಸ್ವೆಟರ್ ಹಾಕಿಲ್ವಾ?' ಎಂಬ ಪ್ರಶ್ನೆ. ಈ ಭೇದಕ್ಕೆ ಪ್ರಸ್ತುತ ಗ್ರಂಥಕರ್ತನು ಸಾಕ್ಷಿಸಿದ್ಧಾಂತ ಎಂದು ಹೆಸರಿಟ್ಟಿದ್ದಾನೆ.

ಇದಕ್ಕೆ ಆದ್ಯ ಪ್ರಮಾಣ ರಾಮಾಯಣ. ಪುತ್ರಕಾಮೇಷ್ಟಿಯ ಅಗ್ನಿಯಿಂದ ಪಾಯಸದ ಪಾತ್ರೆ ಎದ್ದುಬಂತು. ಹಿಡಿದು ತಂದವನು ದಿವ್ಯಪುರುಷ. ಕುಡಿದವರು, ಹೊತ್ತವರು, ಹೆತ್ತವರು ರಾಣಿಯರು. ದಶರಥ ಮಾಡಿದ ಕೆಲಸ ಬಡಿಸಿದ್ದು. ಅದನ್ನೂ ಸಮನಾಗಿ ಬಡಿಸಲಿಲ್ಲ. ಆದರೂ ಪುತ್ರವಾತ್ಸಲ್ಯವೆಂದರೆ ಇಂದಿಗೂ ಅವನ ಹೆಸರೇ. ಈ ಪರಂಪರೆ ನಮ್ಮ ಮನೆಗಳಲ್ಲಿ ಭಾನುವಾರದ ದೋಸೆಯಾಗಿ ಉಳಿದಿದೆ. ಅಕ್ಕಿ ಉದ್ದು ನೆನೆಹಾಕಿ, ರುಬ್ಬಿ, ಚಟ್ನಿ ಮಾಡಿ, ಆಮೇಲೆ ಕಾವಲಿ ತಿಕ್ಕುವ ಕೈ ಬೇರೆ. ನಡುವೆ ಬಂದು ಹುಯ್ದವನು ತಂದೆ. ಮಕ್ಕಳು ವಾರವಿಡೀ ಹೊಗಳುವುದು 'ಅಪ್ಪನ ದೋಸೆ'ಯನ್ನು.

ಇಲ್ಲಿ ಪೂರ್ವಪಕ್ಷ: ವಿಭಾಂಡಕ ಮಹರ್ಷಿ ಮಗನನ್ನು ತಾನೊಬ್ಬನೇ ಸಾಕಲಿಲ್ಲವೇ? ಸಾಕಿದ. ಆ ಮಗನೇ ದಶರಥನ ಇಷ್ಟಿಯನ್ನು ನಡೆಸಿಕೊಟ್ಟ ಋಷ್ಯಶೃಂಗ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಅವನ ಹೆಸರಿನ ಗುಡಿಯಿದೆ. ಆದರೆ ಕಾಡಿನಲ್ಲಿ ಸಾಕ್ಷಿಗಳೆಲ್ಲಿ? ಅಪ್ಪ ಆಶ್ರಮದಲ್ಲಿಲ್ಲದ ಹೊತ್ತು ನೋಡಿ ಅಂಗದೇಶದ ಗಣಿಕೆಯರು ಹುಡುಗನನ್ನು ಒಲಿಸಿಕೊಂಡು ಕರೆದೊಯ್ದರು. ಜನಕ್ಕೆ ನೆನಪಿರುವುದು ಅಷ್ಟೇ. ಹಾಲು ಕುಡಿಸಿದ್ದು, ತಲೆ ಬಾಚಿದ್ದು, ಮಂತ್ರ ಕಲಿಸಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ತಾಯಂದಿರ ಕೆಲಸವಷ್ಟನ್ನೂ ವಹಿಸಿಕೊಂಡವನಿಗೆ ತಾಯಂದಿರ ಪಾಲಿನ ಬೈಗುಳವೂ ದಕ್ಕುತ್ತದೆಂಬುದಕ್ಕೆ ಇದೇ ದೃಷ್ಟಾಂತ. ಬುದ್ಧಿವಂತ ತಂದೆಯರು ಅಂದಿನಿಂದ ಎಚ್ಚರವಾಗಿದ್ದಾರೆ.

ಎರಡನೆಯ ಆಕ್ಷೇಪ ಪಕ್ಷಿಶಾಸ್ತ್ರಜ್ಞರದು. ದಾಂಡೇಲಿ ಕಾಡಿನ ಮಂಗಟ್ಟೆಗಳಲ್ಲಿ ಹೆಣ್ಣು ಮರದ ಪೊಟರೆ ಸೇರಿ, ಬಾಗಿಲು ಮೆತ್ತಿಕೊಂಡು, ಮೊಟ್ಟೆಗೆ ಕೂರುತ್ತದೆ. ಗಂಡು ವಾರಗಟ್ಟಲೆ ಸೀಳಿನ ಮೂಲಕ ಅದಕ್ಕೆ ಹಣ್ಣು ಉಣಿಸುತ್ತದೆ. ನಿಜ. ಆದರೆ ಮರದ ಕೆಳಗೆ ಕ್ಯಾಮೆರಾ ಹಿಡಿದವರು ಬೀಡುಬಿಟ್ಟಿರುತ್ತಾರೆ. ಸಾಕ್ಷಿಬಲ ಪುಷ್ಕಳ, ಆಕ್ಷೇಪ ವಜಾ.

ಪ್ರಭುತ್ವವೂ ನಮ್ಮ ಪಕ್ಷವೇ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಮೊದಲೆರಡು ಹೆರಿಗೆಗಳಿಗೆ ತಾಯಿಗೆ 26 ವಾರ ರಜೆ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ 15 ದಿನ. ಪೇಡಾ ಹಂಚಲು, ಫೋಟೊ ಹಾಕಲು ಇಷ್ಟು ಧಾರಾಳ ಸಾಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಲೆಕ್ಕದಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು. ಕೈಹಾಕಿದ ಗಂಡಸರು 97 ನಿಮಿಷ. ಈ 97ರಲ್ಲಿ 'ಸಾಸಿವೆ ಡಬ್ಬಿ ಎಲ್ಲೇ?' ಎಂದು ಕೂಗಿದ ಹೊತ್ತೂ ಸೇರಿದೆಯೇ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದೆ.

ರಾತ್ರಿ ಎರಡು ಗಂಟೆಯ ಜ್ವರ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಆಗ ಸಾಕ್ಷಿಗಳೆಲ್ಲ ಮಲಗಿರುತ್ತಾರೆ, ತಂದೆಯೂ.

'ಆದರ್ಶ ಪಿತೃ' ಪದವಿ ಬಯಸುವವರು ಈ ಪ್ರಶ್ನೆಗಳಿಗೆ ಉತ್ತರಿಸತಕ್ಕದ್ದು: ಮಗುವಿನ ಕ್ಲಾಸ್ ಟೀಚರ್ ಹೆಸರೇನು? ಶೂ ಎಷ್ಟನೇ ನಂಬರು? ಉಪ್ಪಿಟ್ಟಿನಿಂದ ಅದು ಆರಿಸಿ ತಟ್ಟೆಯಂಚಿಗೆ ಇಡುವುದೇನನ್ನು? ತಾಯಿ ಕಾರ್ಡ್ ಮನೆಯಲ್ಲಿ ಎಲ್ಲಿದೆ, 6, 10 ಮತ್ತು 14ನೇ ವಾರದ ಲಸಿಕೆ ಹಾಕಿಸಲು ಹೋದವರು ಯಾರು? ಪರೀಕ್ಷಾ ಕೊಠಡಿಗೆ ನೆಂಟರಿಷ್ಟರಿಗೆ ಪ್ರವೇಶವಿಲ್ಲ. ಹೆಂಡತಿಗೆ ಫೋನ್ ಮಾಡಿ ಕೇಳಿದರೆ ನಕಲೆಂದು ಡಿಬಾರ್ ಮಾಡಲಾಗುವುದು.