ಮುದ್ರಣಗಣಿತ ಮೀಮಾಂಸೆ: ಬೆಳಗಾವಿ ಕ್ಯಾಂಪಿಗೆ ಅನ್ವಯಿಸಿ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲಿಗೆ ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ಅಂತರ್ಜಾಲದಿಂದ ಪುಕ್ಕಟೆ ಇಳಿಸಿಕೊಂಡು, ಕಾಗದದ ಮೇಲೆ ಹೊಡೆಸಿ, ಮನೆಯಲ್ಲೇ ಮಗುವಿಗೆ ಕಲಿಸುವ ಗಣಿತ. ಪ್ರಯೋಜನ: ಶಾಲೆಯ ಫೀ ಉಳಿತಾಯ. ಸಂಬಂಧ: ಉಳಿದ ಫೀಗೂ ಝೆರಾಕ್ಸ್ ಅಂಗಡಿಗೂ ಇರುವಂಥದ್ದು. ಅಧಿಕಾರಿ: ತಾಯಿ. ತಂದೆಗೆ ಈ ಶಾಸ್ತ್ರದಲ್ಲಿ ಶ್ರವಣ ಮಾತ್ರ ವಿಹಿತ.

ಪೂರ್ವಪಕ್ಷಿ ಕೇಳುತ್ತಾನೆ: 1832ರಲ್ಲೇ ದಂಡು ಬಂದಿಳಿದ, 1856ರಲ್ಲೇ ಸೇಂಟ್ ಪಾಲ್ಸ್ ಶಾಲೆ ಕಂಡ ಕ್ಯಾಂಪಿನಲ್ಲಿ ಮನೆಪಾಠವೆಂದರೆ ಹೊಳೆಯ ದಂಡೆಯಲ್ಲಿ ಬಾವಿ ತೋಡಿದಂತಲ್ಲವೇ? ಸಮಾಧಾನ: 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಶಾಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತದೆ; ಮನೆಶಾಲೆಯ ಬಗ್ಗೆ ಮೌನ. ಮೌನವೇ ಸಮ್ಮತಿ ಎಂದು ತಾಯಂದಿರ ಭಾಷ್ಯ. ಹತ್ತನೆಯದರ ಸರ್ಟಿಫಿಕೇಟಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದ್ದೇ ಇದೆ. ಪೂರ್ವಪಕ್ಷ ನಿರಸ್ತ.

ಇನ್ನು ಪಾಠಾಂತರಗಳ ವಿಚಾರ. ಪ್ರತಿಗಳಲ್ಲಿ ಎರಡು ಶಾಖೆ. ಅಮೆರಿಕದ ಶಾಖೆಯ ಹಾಳೆ 216 ಮಿಲಿಮೀಟರ್ ಅಗಲ, ನಮ್ಮ ಎ4 ಹಾಳೆ 210. ಅಂಗಡಿಯ ಹುಡುಗ ಹಾಳೆಗೆ ಹೊಂದಿಸುವ ಗುಂಡಿ ಒತ್ತಲು ಮರೆತರೆ ಬಲಗಡೆಯ ಅಂಚು ಲುಪ್ತ. ಬಿಡಿಸ್ಥಾನದ ವಾಸ ಬಲಗಡೆಗೇ ತಾನೇ? ಹೀಗಾಗಿ 47ಕ್ಕೆ 38 ಕೂಡಿಸು ಎಂಬಲ್ಲಿ ಮಗುವಿಗೆ ಕಾಣುವುದು 4 ಮತ್ತು 3. ಅದು 7 ಎಂದು ಬರೆಯುತ್ತದೆ. ಉತ್ತರಪತ್ರಿಕೆ 85 ಎನ್ನುತ್ತದೆ. ಲುಪ್ತ ಅಂಕೆಗಳನ್ನು ಊಹಿಸಿ ತುಂಬುವ ಈ ವಿದ್ಯೆಗೇ ಮುಂದೆ ಬೀಜಗಣಿತವೆಂದು ಹೆಸರಾಗುತ್ತದೆ. ನಮ್ಮ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಇದನ್ನು ಮುಂಗಂಡಿರಬೇಕು. ಗಣಿತಸಾರಸಂಗ್ರಹದಲ್ಲಿ ಅವರು ಕೊಟ್ಟ ಲೆಕ್ಕ ನೋಡಿ: 152207ನ್ನು 73ರಿಂದ ಗುಣಿಸಿದರೆ 11111111. ಅಂಚಿನಲ್ಲಿ ಒಂದು ಅಂಕೆ ಹಾರಿದರೂ ಉತ್ತರದ ಅಂದ ಕೆಡುವುದಿಲ್ಲ.

ಅದೇ ಶಾಖೆಯಲ್ಲಿ ನಾಣ್ಯಪ್ರಕರಣವೂ ಉಂಟು. 10 ಸೆಂಟಿನ ಡೈಮ್ 17.91 ಮಿಲಿಮೀಟರ್, 5 ಸೆಂಟಿನ ನಿಕಲ್ 21.21. “ದೊಡ್ಡದು ಸಣ್ಣದಕಿಂತ ಸಸ್ತಾ ಹೆಂಗವ್ವಾ?” ಎಂದು ಶಿಷ್ಯನ ಆಕ್ಷೇಪ. “ಅಮೇರಿಕಾದಾಗ ಹಂಗ ನೋಡಪಾ” ಎಂದು ಆಪ್ತವಾಕ್ಯ. ಪ್ರಮಾಣಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ, ವಿಶೇಷವಾಗಿ ಒಲೆಯ ಮೇಲೆ ಹಾಲಿದ್ದಾಗ.

ಬ್ರಿಟನ್ನಿನ ಶಾಖೆ ನಿಜಕ್ಕೂ ಶ್ರೇಷ್ಠ. ಹಂಗೇರಿಯ ಪದ್ಧತಿಯಿಂದ ಕಡ ತಂದು ಕಟ್ಟಿದ ಎಂಇಪಿ ಎಂಬ ಪಾಠಕ್ರಮ ಇದರ ಮೂಲಪ್ರತಿ. ಎ4 ಹಾಳೆಯಾದ್ದರಿಂದ ಅಂಚುಲೋಪವಿಲ್ಲ. ಆದರೆ ಪಾಠಯೋಜನೆ ಬರೆದದ್ದು ತುಂಬಿದ ತರಗತಿಗೆ. ಒಬ್ಬ ಬೋರ್ಡಿಗೆ ಬಂದು ಬರೆಯಬೇಕು, ಉಳಿದವರು ಒಪ್ಪಬೇಕು ಇಲ್ಲವೇ ತಕರಾರು ತೆಗೆಯಬೇಕು. ಕ್ಯಾಂಪಿನ ಹಳೆಯ ಬಂಗಲೆಯ ಅಡುಗೆಮನೆಯಲ್ಲಿ ಒಬ್ಬನೇ ಮಗ ಎದ್ದು ಹೋಗಿ ಫ್ರಿಜ್ಜಿಗೆ ಅಂಟಿಸಿದ ಹಾಳೆಯ ಮೇಲೆ ಉತ್ತರ ಬರೆದು, ತಿರುಗಿ ಬಂದು ಕೂತು, ಇಡೀ ತರಗತಿಯಾಗಿ ತನ್ನನ್ನು ತಾನೇ ಪರಿಶೀಲಿಸಬೇಕು. ಸಾಮಾನ್ಯವಾಗಿ ಒಪ್ಪುತ್ತಾನೆ.

ಇನ್ನು ತೂಕಪ್ರಕರಣ. ಎ4 ಹಾಳೆ ಚದರ ಮೀಟರಿನ ಹದಿನಾರನೆಯ ಒಂದು ಭಾಗ. 80 ಗ್ರಾಮಿನ ಕಾಗದವಾದರೆ ಹಾಳೆಗೆ 5 ಗ್ರಾಂ, 500 ಹಾಳೆಯ ರೀಮಿಗೆ ಎರಡೂವರೆ ಕಿಲೋ. ಪುಕ್ಕಟೆಯ ತೂಕ ಇಷ್ಟು ನಿಖರವಾಗಿ ಮತ್ತಾವ ಶಾಸ್ತ್ರದಲ್ಲೂ ಸಿಕ್ಕುವುದಿಲ್ಲ.

ಕೊನೆಗೆ ಪ್ರಯೋಗ. ಸ್ಥಳ, ಖಾನಾಪುರ ರಸ್ತೆಯ ಒಂದು ಝೆರಾಕ್ಸ್ ಅಂಗಡಿ; ಸಾಮಗ್ರಿ, 137 ಪುಟದ ಒಂದು ಕಟ್ಟು. “ಅಕ್ಕಾರ, ಎರಡೂ ಬಾಜು ಹೊಡಿಲೇನ್ರಿ?” ತಾಯಿ ಹಾಳೆ ಎಷ್ಟಾದೀತೆಂದು ಮೊಬೈಲು ತೆಗೆಯುವಷ್ಟರಲ್ಲಿ ಶಿಷ್ಯ ಉವಾಚ: “ಅರವತ್ತೊಂಬತ್ತ. ಕಡೀದರ ಹಿಂದ ಒಂದ ಬಾಜು ಖಾಲಿ ಉಳಿತೈತಿ.” ಶೇಷ ಉಳಿಯುವ ಭಾಗಾಕಾರ ಆ ಕಟ್ಟಿನಲ್ಲಿ ಬರುವುದು 112ನೇ ಪುಟಕ್ಕೆ. ಕಲಿತದ್ದಾಯಿತಲ್ಲ ಎಂದು ತಾಯಿ ಆ ಪುಟವನ್ನು ಬಿಡಿಸಿದಳು. ಉಳಿದದ್ದು 136 ಪುಟ, 68 ಹಾಳೆ, ಶೇಷ ಸೊನ್ನೆ.