ಜೋಪಾನಕ್ಕೆ ಇಟ್ಟುಕೊಂಡವರು

ಉಯಿಲು ಬರೆಸುವ ಹಿರಿಯರು ಅದನ್ನು ಜಾರಿಗೆ ತರುವ ಎಕ್ಸಿಕ್ಯೂಟರ್ ಕೆಲಸಕ್ಕೆ ಹುಡುಕುವುದು ಮನೆತನದ ಅತಿ ಸಾಧುಪ್ರಾಣಿಯನ್ನು. ಹೆಚ್ಚಾಗಿ ಬ್ಯಾಂಕಿನಿಂದ ನಿವೃತ್ತನಾದ ಸೋದರಳಿಯನೊಬ್ಬ ಸಿಕ್ಕಿಬೀಳುತ್ತಾನೆ. "ನಿನ್ನ ಬಿಟ್ರೆ ನನಗಿನ್ಯಾರಪ್ಪ ಇದ್ದಾರೆ" ಎಂದರೆ ಸಾಕು, ಕರಗಿ ಒಪ್ಪುತ್ತಾನೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯನ್ನು ಮಾವನೂ ಓದಿಲ್ಲ, ಅಳಿಯನೂ ಓದಿಲ್ಲ. ಓದಿದ್ದರೆ ಸಂಬಂಧ ಅಲ್ಲೇ ಮುರಿಯುತ್ತಿತ್ತು.

ಮಾವ ಹೋದ ಮೇಲೆ ಅಳಿಯನ ಚಾಕರಿ ಶುರು. ಮಾವನ ಹಣದಲ್ಲೇ, ಅವರ ಅಂತಸ್ತಿಗೆ ತಕ್ಕಂತೆ ಉತ್ತರಕ್ರಿಯೆ ನಡೆಯುವಂತೆ ನೋಡಿಕೊಳ್ಳಬೇಕು. ಸಮಾರಾಧನೆಗೆ ಒಂದು ಸಿಹಿ ಸಾಕೋ ಮೂರು ಬೇಕೋ, ಅಂತಸ್ತಿನ ಅಳತೆಗೋಲು ಎಲ್ಲಿದೆಯೋ, ಕಾಯಿದೆ ಹೇಳುವುದಿಲ್ಲ, ಬೀಗರು ಹೇಳುತ್ತಾರೆ. ಬರಬೇಕಾದ್ದನ್ನು ವಸೂಲು ಮಾಡಬೇಕು, ಕೊಡಬೇಕಾದ್ದನ್ನು ತೀರಿಸಬೇಕು. ಉಯಿಲಿಗೆ ಕೋರ್ಟಿನ ದೃಢೀಕರಣ, ಅಂದರೆ ಪ್ರೊಬೇಟ್, ತೆಗೆದುಕೊಂಡರೆ ಆರು ತಿಂಗಳಲ್ಲಿ ಆಸ್ತಿಪಟ್ಟಿ, ವರ್ಷದೊಳಗೆ ಲೆಕ್ಕಪತ್ರ ಕೋರ್ಟಿಗೆ ಸಲ್ಲಬೇಕು. ಇವನ ಅಸಡ್ಡೆಯಿಂದ ಆಸ್ತಿ ಸೋರಿದರೆ ನಷ್ಟ ಇವನ ತಲೆಗೆ.

ಕಾಯಿದೆಗೆ ಒಂದು ಕಡೆ ಕರುಳೂ ಇದೆ. ಕ್ರಿಯೆಯ ಖರ್ಚು, ಪ್ರೊಬೇಟಿನ ಖರ್ಚು ಕಳೆದ ಕೂಡಲೇ ಮನೆಗೆಲಸದವರ ಕೊನೆಯ ಮೂರು ತಿಂಗಳ ಸಂಬಳದ ಬಾಕಿ ತೀರಬೇಕು; ಸಾಲ ಕೊಟ್ಟ ಇತರರ ಸರದಿ ಆಮೇಲೆ. ನಮ್ಮಲ್ಲಿ ಪಾತ್ರೆ ತಿಕ್ಕುವಾಕೆ ಬಾಕಿ ಕೇಳಿದರೆ "ಇದು ದುಡ್ಡು ಕೇಳೋ ಹೊತ್ತೇನಮ್ಮಾ" ಎಂಬ ಗದರಿಕೆ. ಗದರಿಸಿದವರು ಒಳಗೆ ಬೀರುವಿನ ಎರಡನೇ ಕೀಲಿ ತಡಕುತ್ತಿರುತ್ತಾರೆ.

ಅಷ್ಟರಲ್ಲಿ ದೊಡ್ಡ ಮಗನ ಜೇಬಿಗೆ ಎಟಿಎಂ ಕಾರ್ಡು ಸೇರಿದೆ, ಮಗಳ ಚೀಲಕ್ಕೆ ಅಪ್ಪನ ಚಿನ್ನದ ಸರ. ಮನೆಯಳಿಯ ಬಾಡಿಗೆದಾರನಿಗೆ ಫೋನು ಮಾಡಿ, ಮುಂದಿನ ತಿಂಗಳಿಂದ ಬಾಡಿಗೆ ತನ್ನ ನಂಬರಿಗೇ ಹಾಕಬೇಕೆಂದು ಅಪ್ಪಣೆ ಕೊಡಿಸಿದ್ದಾನೆ. ಇಂಥವರನ್ನು ಕಾಯಿದೆ ಎಂದೋ ಕಂಡಿದೆ. ಹಕ್ಕುಳ್ಳ ಎಕ್ಸಿಕ್ಯೂಟರ್ ಇಲ್ಲದಿರುವಾಗ ಅಧಿಕಾರವಿಲ್ಲದೆ ಸತ್ತವರ ಸೊತ್ತಿಗೆ ಕೈಹಾಕಿದವನು ತನ್ನ ತಪ್ಪಿನಿಂದಲೇ ಎಕ್ಸಿಕ್ಯೂಟರ್ ಆಗುತ್ತಾನೆ, ಕೈಸೇರಿದಷ್ಟಕ್ಕೂ ಲೆಕ್ಕ ಕೊಡಬೇಕು ಎನ್ನುತ್ತವೆ 303, 304ನೇ ಸೆಕ್ಷನ್ನುಗಳು. ಈ ಅಳಿಯನಂಥವನು ಇಲ್ಲದಿದ್ದರೆ ನಮ್ಮ ಮನೆಗಳಲ್ಲಿ ಪ್ರತಿ ಸಾವಿಗೂ ಅರ್ಧ ಡಜನ್ ಎಕ್ಸಿಕ್ಯೂಟರುಗಳು. ಆದರೆ ಸೊತ್ತಿನ ರಕ್ಷಣೆಗೆಂದು ಕೈಹಾಕಿದರೆ ತಪ್ಪಲ್ಲ ಎಂಬ ವಿನಾಯಿತಿಯೂ ಅಲ್ಲೇ ಇದೆ. ಕಾಯಿದೆಯ ಪುಸ್ತಕ ಮುಟ್ಟದವರಿಗೂ ಈ ಸಾಲೊಂದು ಬಾಯಿಪಾಠ.

ನೇಮಕಗೊಂಡವನು ಉಯಿಲು ಹಿಡಿದು ಖಾತೆ ಬದಲಾವಣೆಗೆ ಹೋದರೆ "ವಂಶವೃಕ್ಷ ತನ್ನಿ, ಎಲ್ಲ ವಾರಸುದಾರರ ಸಹಿ ತನ್ನಿ" ಎಂಬ ಉತ್ತರ ಸಿಕ್ಕರೆ ಅಚ್ಚರಿಯಿಲ್ಲ. ಯಾರ ಜಗಳ ತಪ್ಪಲೆಂದು ಮಾವ ಉಯಿಲು ಬರೆದರೋ ಅವರ ಒಪ್ಪಿಗೆಯೇ ಬೇಕಂತೆ! ಉಯಿಲಿನಲ್ಲಿ ಬರೆದ ಪಾಲು ಹಂಚಲು ಕಾಯಿದೆ ಇವನಿಗೆ ಸಾವಿನಿಂದ ಒಂದು ವರ್ಷದ ಬಿಡುವು ಕೊಟ್ಟಿದೆ. ಮನೆಯವರು ಹದಿಮೂರನೇ ದಿನದ ಊಟದ ಎಲೆ ಎತ್ತುವ ತನಕ ಕೊಟ್ಟಾರು.

ಸರದ ಮಾತೆತ್ತಿದರೆ ಮಗಳು ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾಳೆ: "ಕಳೆದುಹೋಗಬಾರದು ಅಂತ ಜೋಪಾನವಾಗಿ ಇಟ್ಟಿದ್ದೀನಿ ಭಾವ, ನನ್ನ ಮೇಲೂ ಅನುಮಾನವಾ?" ಭಾವ ಇನ್ನೇನು ಮಾಡಿಯಾನು? ಆಸ್ತಿಪಟ್ಟಿಯಲ್ಲಿ ಸರ ಒಂದು ಎಂದು ಬರೆದು, ಎದುರಿಗೆ "ಜೋಪಾನದಲ್ಲಿದೆ" ಎಂದು ಸೇರಿಸಿ, ಕೆಳಗೆ ತಾನೇ ಸಹಿ ಹಾಕುತ್ತಾನೆ.