ಕಂಬೀಪುರದ ಫಾರಿನ್ ಮಾಲು

ವಿಜಯನಗರದ ಒಂದು ವೈನ್‌ಸ್ಟೋರು. ಗಿರಾಕಿಗೆ ಹೆಣ್ಣು ನೋಡಲು ಬಂದವನ ಗಾಂಭೀರ್ಯ.

“ಅಣ್ಣಾ, ಮೊದಲ್ನೇ ಸಲ ವಿಸ್ಕಿ. ಒಳ್ಳೇ ಫಾರಿನ್ ಮಾಲು ಕೊಡಿ.”

“ಅಮೃತ್ ತಗೊಳ್ಳಿ. ಸಿಂಗಲ್ ಮಾಲ್ಟು.”

“ಸ್ಕಾಟ್ಲೆಂಡಾ?”

“ಕೆಂಗೇರಿ ಹತ್ರ, ಕಂಬೀಪುರ.”

“ಹೋಗಣ್ಣಾ! ನಮ್ಮತ್ತೆ ಮನೆ ದಾರೀಲಿರೋದು ಫಾರಿನ್ನಾ?”

“2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆ ಆಗಿದ್ದು ಸ್ವಾಮಿ. ಬೆಂಗಳೂರಲ್ಲಿ ಸಿಕ್ಕಿದ್ದು 2010ಕ್ಕೆ.”

“ಕೆಂಗೇರಿಯಿಂದ ಇಲ್ಲಿಗೆ ಆರು ವರ್ಷಾನಾ?”

“ಮೈಸೂರು ರೋಡ್ ಟ್ರಾಫಿಕ್ಕು!”

“ಹನ್ನೆರಡು ವರ್ಷ ಹಳೇದಿಲ್ವಾ?”

“ಸ್ಕಾಟ್ಲೆಂಡಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗುತ್ತೆ. ನಮ್ಮ ಬಿಸಿಲಿಗೆ ಶೇ. 10ಕ್ಕೂ ಜಾಸ್ತಿ. ಹನ್ನೆರಡು ವರ್ಷ ಕಾದ್ರೆ ಪೀಪಾಯೀನೇ ನೆಕ್ಕಬೇಕು.”

“ಆ ಆವಿ ಯಾರಿಗೆ?”

“ದೇವತೆಗಳ ಪಾಲು ಅಂತಾರೆ.”

“ಅವರಿಗೆ ಅಬಕಾರಿ ಸುಂಕ ಇಲ್ವಾ?”

“ಅದನ್ನೂ ನಿಮ್ಮ ಬಾಟ್ಲಿ ಮೇಲೇ ಹಾಕಿದಾರೆ. ಕ್ಯಾಶಾ, ಫೋನ್‌ಪೇನಾ?”